ತುಳಸಿ ಒಣಗಿದರೆ ದೋಷ ಯಾರದು?

ಊರು ಬಿಟ್ಟು ಮಹಾನಗರಕ್ಕೆ ಬಂದು ನೆಲಸಿದ ಕನ್ನಡಿಗರ ಸಾಮಾನುಗಳಲ್ಲಿ ದೇವರ ಪೆಟ್ಟಿಗೆ, ದೋಸೆಯ ಕಾವಲಿ, ಅಜ್ಜಿಯ ಕಾಲದ ಹಿತ್ತಾಳೆಯ ಚೆಂಬು ಇವುಗಳ ಜೊತೆಗೆ ತಪ್ಪದೆ ಬರುವ ಇನ್ನೊಂದು ವಸ್ತು ತುಳಸಿಯ ಸಸಿ. ರಜೆ ಮುಗಿಸಿ ಮರಳುವಾಗ ಬೇರಿಗೆ ಒದ್ದೆ ಬಟ್ಟೆ ಸುತ್ತಿ, ರೈಲಿನ ಕಿಟಕಿಯ ಬಳಿ ಗಾಳಿ ತಗಲುವಂತೆ ಇರಿಸಿ, ರಾತ್ರಿ ಎರಡು ಬಾರಿ ಎದ್ದು ನೀರು ಚಿಮುಕಿಸಿ ತಂದ ಸಸಿ ಅದು. ಡೊಂಬಿವಲಿಯ ಮೂರನೆಯ ಮಹಡಿಯ ಗ್ಯಾಲರಿಯಲ್ಲೋ ಚೆನ್ನೈಯ ಫ್ಲ್ಯಾಟೊಂದರ ಕಿಟಕಿಯ ಗ್ರಿಲ್ಲಿನಲ್ಲೋ ಅದಕ್ಕೊಂದು ಕುಂಡ ಸಿದ್ಧವಾಗಿರುತ್ತದೆ. ಮೊದಲ ಒಂದೆರಡು ತಿಂಗಳು ಗಿಡ ನಳನಳಿಸುತ್ತದೆ. ಆಮೇಲೆ ರೆಂಬೆಗಳು ಸಪೂರವಾಗಿ ಉದ್ದುದ್ದ ಬೆಳೆಯುತ್ತವೆ, ಎಲೆ ಎಲೆಗಳ ನಡುವಣ ಅಂತರ ಹೆಚ್ಚುತ್ತದೆ, ಬುಡದ ಎಲೆಗಳು ಹಳದಿಯಾಗಿ ಉದುರುತ್ತವೆ. ಒಂದು ಮುಂಜಾನೆ ನೋಡುವಾಗ ಕುಂಡದಲ್ಲಿ ಕಡ್ಡಿ ಮಾತ್ರ ಉಳಿದಿರುತ್ತದೆ.

ಬೇರೆ ಯಾವ ಗಿಡ ಸತ್ತರೂ ಮನೆಯಲ್ಲಿ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ತುಳಸಿ ಒಣಗಿದಾಗ ಮಾತ್ರ ವಿಚಾರಣೆ ನಡೆಯುತ್ತದೆ. ಮೈಲಿಗೆಯಲ್ಲಿ ಯಾರೋ ಮುಟ್ಟಿರಬೇಕು. ಸ್ನಾನವಿಲ್ಲದೆ ನೀರು ಹಾಕಿರಬೇಕು. ಸಂಜೆಯ ದೀಪ ತಪ್ಪಿರಬೇಕು. ಮನೆಯ ಹಿರಿಯರಲ್ಲಿ ಯಾರಿಗಾದರೂ ಆರೋಗ್ಯ ಕೆಟ್ಟಿದ್ದ ಸಮಯವಾದರಂತೂ ಒಣಗಿದ ಗಿಡವೇ ಅಪಶಕುನವಾಗಿ ಎಲ್ಲರ ಮನಸ್ಸನ್ನೂ ಕಲಕುತ್ತದೆ. "ಊರಲ್ಲಿ ಮೂವತ್ತು ವರ್ಷದಿಂದ ಅದೇ ತುಳಸಿ ಇದೆಯಮ್ಮಾ, ಇಲ್ಲಿ ಮೂರು ತಿಂಗಳೂ ನಿಲ್ಲಲಿಲ್ಲವಲ್ಲ" ಎಂದು ಅತ್ತೆಯಾದವರು ದನಿ ಏರಿಸದೆಯೇ ಹೇಳಿದರೂ ಆ ಮಾತು ತಾಗಬೇಕಾದವರಿಗೆ ತಾಗುತ್ತದೆ. ಬೆಳಗಿನ ಲೋಕಲ್ ಹಿಡಿಯುವ ಅವಸರದಲ್ಲಿಯೂ ಮಿಂದು ಮಡಿಯುಟ್ಟು ಗಿಡಕ್ಕೆ ಒಂದು ಚೆಂಬು ನೀರೆರೆದು, ಸುತ್ತು ಬಂದು, ಅನಂತರವೇ ಚಪ್ಪಲಿ ಮೆಟ್ಟುವ ಸೊಸೆಗೆ ತಾನು ಮಾಡಿದ ತಪ್ಪೇನೆಂದು ತಿಳಿಯುವುದಿಲ್ಲ. ಅವಳು ಮರುವಾರ ಇನ್ನೊಂದು ಸಸಿ ತರುತ್ತಾಳೆ. ಹೆದರಿಕೆಯಿಂದ ಅದಕ್ಕೆ ಎರಡು ಚೆಂಬು ನೀರೆರೆಯುತ್ತಾಳೆ. ಅದು ಮೊದಲಿನದಕ್ಕಿಂತ ಬೇಗ ಸಾಯುತ್ತದೆ.

ಆ ಸೊಸೆಯ ತಪ್ಪೇನೂ ಇಲ್ಲವೆಂದು ಸ್ಪಷ್ಟವಾಗಿ ಹೇಳಬೇಕಾಗಿದೆ. ತಪ್ಪು ಗ್ಯಾಲರಿಯ ದಿಕ್ಕಿನಲ್ಲಿದೆ; ಮಿಕ್ಕದ್ದು ಆ ಚೆಂಬಿನಲ್ಲಿದೆ.

ಹಿರಿಯರು ತುಳಸಿಯ ಕಟ್ಟೆಯನ್ನು ಎಲ್ಲಿ ಕಟ್ಟಿದರೆಂಬುದನ್ನು ನೆನೆದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಮನೆಯ ಮುಂದಿನ ಅಂಗಳದಲ್ಲಿ, ಇಲ್ಲವೆ ತೊಟ್ಟಿಯ ನಟ್ಟನಡುವೆ, ಮೇಲೆ ಬರಿಯ ಆಕಾಶ ಕಾಣುವಲ್ಲಿ ಅವರು ವೃಂದಾವನ ಕಟ್ಟಿದರು. ನಡುಮನೆಯಲ್ಲಾಗಲಿ ದೇವರ ಕೋಣೆಯಲ್ಲಾಗಲಿ ಯಾರೂ ತುಳಸಿಯನ್ನು ನೆಟ್ಟವರಿಲ್ಲ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದಿದ್ದರೆ ಈ ಗಿಡ ಬಾಳುವುದಿಲ್ಲ. ಅಂಗಳದ ಗಿಡವನ್ನು ಫ್ಲ್ಯಾಟಿನೊಳಕ್ಕೆ ತಂದು ಮನೆಗಿಡವೆಂದು ಎಣಿಸಿದ್ದು ನಗರವಾಸದ ಅನಿವಾರ್ಯತೆಯೇ ಹೊರತು ಗಿಡದ ಒಪ್ಪಿಗೆಯಲ್ಲ.

ಮನೆಯಲ್ಲಿ ಬೇಕಾದಷ್ಟು ಬೆಳಕಿದೆಯೆಂದು ಹಲವರು ವಾದಿಸುವುದುಂಟು. ಇದು ಕಣ್ಣು ಮಾಡುವ ಮೋಸ. ಬೆಳಕು ಕಡಿಮೆಯಾದಂತೆ ಕಣ್ಣಿನ ಪಾಪೆ ಅರಳಿ ಇದ್ದುದನ್ನೇ ಸರಿತೂಗಿಸಿಕೊಳ್ಳುತ್ತದೆ. ಎಲೆಗೆ ಆ ಉಪಾಯವಿಲ್ಲ. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ನಡುಹಗಲಿನ ತೆರೆದ ಬಿಸಿಲು ಸುಮಾರು 1,00,000 ಲಕ್ಸ್. ಅದೇ ಹೊತ್ತಿನಲ್ಲಿ ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕದಲ್ಲಿ ಕೆಲವೇ ಸಾವಿರ ಇರುತ್ತದೆ. ಪತ್ರಿಕೆ ಓದಲು ಸಾಕೆನಿಸುವ ಕೋಣೆಯ ಮೂಲೆಯಲ್ಲಿ ಇನ್ನೂರು ಮುನ್ನೂರಕ್ಕಿಂತ ಹೆಚ್ಚಿರುವುದು ಅಪರೂಪ. ಕಿಟಕಿಯಿಂದ ನಾಲ್ಕು ಅಡಿ ಒಳಕ್ಕೆ ಸರಿಸಿದ ಕುಂಡ ತನ್ನ ಪಾಲಿನ ಬೆಳಕಿನಲ್ಲಿ ಅರ್ಧಕ್ಕಿಂತಲೂ ಹೆಚ್ಚು ಕಳೆದುಕೊಳ್ಳುತ್ತದೆ. ಗ್ಯಾಲರಿಯಲ್ಲಿ ಒಣಹಾಕಿದ ಒಂಬತ್ತು ಗಜದ ಸೀರೆ ಇನ್ನಷ್ಟನ್ನು ನುಂಗುತ್ತದೆ. ಅಳೆಯಲು ಉಪಕರಣವೇ ಬೇಕೆಂದಿಲ್ಲ. ಮಧ್ಯಾಹ್ನ ಗಿಡ ಇಡಬೇಕೆಂದಿರುವ ಸ್ಥಳದಲ್ಲಿ ಬಿಳಿಯ ಕಾಗದ ಹಾಸಿ, ಒಂದಡಿ ಮೇಲೆ ಕೈ ಚಾಚಿ ನೆರಳನ್ನು ನೋಡಿದರಾಯಿತು. ಬೆರಳುಗಳ ಅಂಚು ಗೆರೆ ಎಳೆದಂತೆ ಕಂಡರೆ ಅಲ್ಲಿ ತುಳಸಿ, ದಾಸವಾಳ, ಮಲ್ಲಿಗೆ ಬದುಕುತ್ತವೆ. ಕೈಯ ಆಕಾರ ಮಸುಕಾಗಿ ಕಂಡರೆ ಎಲೆಗಿಡಗಳಿಗೆ ಸಾಕು. ನೆರಳೇ ಬೀಳದಿದ್ದರೆ ಅಲ್ಲಿ ಪುಸ್ತಕದ ಕಪಾಟು ಇಡುವುದು ಒಳ್ಳೆಯದು.

ಇನ್ನು ದಿಕ್ಕಿನ ವಿಚಾರ. ಪೂರ್ವದ ಕಿಟಕಿಗೆ ಎಳೆಬಿಸಿಲು ಹತ್ತು ಹನ್ನೊಂದು ಗಂಟೆಯವರೆಗೆ ದೊರೆಯುತ್ತದೆ. ಬಹಳಷ್ಟು ಗಿಡಗಳಿಗೆ ಇದಕ್ಕಿಂತ ಹಿತವಾದುದಿಲ್ಲ. ಪಶ್ಚಿಮದ ಬಿಸಿಲು ಬಲವಾದದ್ದು, ಬೇಸಿಗೆಯಲ್ಲಿ ಕಾದ ಗೋಡೆಯ ಬಿಸಿಯನ್ನೂ ಜೊತೆಗೆ ತರುತ್ತದೆ. ದಕ್ಷಿಣ ಮತ್ತು ಉತ್ತರದ ಸಂಗತಿ ಊರಿನಿಂದ ಊರಿಗೆ ಬದಲಾಗುತ್ತದೆ. ದೆಹಲಿಯಲ್ಲಿ ಸೂರ್ಯ ವರ್ಷದ ಯಾವ ದಿನವೂ ನೆತ್ತಿಯನ್ನು ದಾಟಿ ಉತ್ತರಕ್ಕೆ ಬರುವುದಿಲ್ಲ. ಅಲ್ಲಿ ಚಳಿಗಾಲದ ನಡುಹಗಲಿನ ಬಿಸಿಲು ದಕ್ಷಿಣದ ಕಿಟಕಿಯಿಂದ ಕೋಣೆಯ ಒಳಗಿನವರೆಗೂ ಚಾಚಿಕೊಳ್ಳುತ್ತದೆ, ಉತ್ತರದ ಗ್ಯಾಲರಿ ತಣ್ಣಗೆ ಕತ್ತಲಾಗಿರುತ್ತದೆ. ಮುಂಬಯಿ 19 ಅಂಶ ಅಕ್ಷಾಂಶದಲ್ಲಿರುವುದರಿಂದ ಮೇ ತಿಂಗಳ ಮಧ್ಯದಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ತುಸು ಉತ್ತರಕ್ಕೆ ವಾಲಿರುತ್ತಾನೆ. ಚೆನ್ನೈಯಲ್ಲಿ ಈ ಅವಧಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇರುತ್ತದೆ. ಮುಂಬಯಿಯ ಉತ್ತರದ ಗ್ಯಾಲರಿಯಲ್ಲಿ ಮೇ ತಿಂಗಳಲ್ಲಿ ಬಿಸಿಲು ಕಂಡು, ಇಲ್ಲಿ ತುಳಸಿ ಬರುತ್ತದೆಂದು ನಂಬಿ ನೆಟ್ಟವರಿದ್ದಾರೆ. ಜೂನಿನಲ್ಲಿ ಮೋಡ ಕವಿಯುತ್ತದೆ. ಮೋಡ ತೆರವಾಗುವ ವೇಳೆಗೆ ಸೆಪ್ಟೆಂಬರ್ ಕಳೆದು ಸೂರ್ಯ ದಕ್ಷಿಣಕ್ಕೆ ಹೊರಳಿರುತ್ತಾನೆ. ಅಲ್ಲಿಂದ ಮಾರ್ಚ್ ಮೂರನೆಯ ವಾರದವರೆಗೆ ಉತ್ತರದ ಗೋಡೆಗೆ ಒಂದು ಕಿರಣವೂ ನೇರವಾಗಿ ಬೀಳದು.

ಕಾರ್ತಿಕ ಮಾಸ ಬರುವುದು ಸರಿಯಾಗಿ ಈ ಕಾಲದಲ್ಲಿ. ಉತ್ಥಾನ ದ್ವಾದಶಿಯಂದು ನೆಲ್ಲಿಯ ಕೊಂಬೆಯನ್ನು ಜೊತೆಗಿಟ್ಟು ಪೂಜಿಸಬೇಕಾದ ತುಳಸಿ, ಉತ್ತರದ ಗ್ಯಾಲರಿಯ ಮನೆಗಳಲ್ಲಿ ವರ್ಷದ ಅತ್ಯಂತ ಕ್ಷೀಣಸ್ಥಿತಿಯಲ್ಲಿರುತ್ತದೆ. ಮನೆಮಂದಿಯ ಮನಸ್ಸಿಗೆ ಅದು ಹೆಚ್ಚು ನೋವು ಕೊಡುವುದೂ ಆಗಲೇ. ಭಕ್ತಿ ಎಷ್ಟಿದ್ದರೂ ಗ್ಯಾಲರಿಯ ಮುಖ ತಿರುಗುವುದಿಲ್ಲ.

ಬೆಳಕಿಗಿಂತಲೂ ಹೆಚ್ಚು ಅನಾಹುತ ಮಾಡುವುದು ನೀರು. ಮನೆಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಅಧಿಕವೆಂಬುದನ್ನು ಗಿಡ ಸಾಕಿದ ಅನುಭವಸ್ಥರೆಲ್ಲ ಬಲ್ಲರು. ಬೇರು ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿರುವ ಗಾಳಿಯೇ ಅದಕ್ಕೆ ಉಸಿರು. ದಿನವೂ ನೀರೆರೆದರೆ ಆ ಸಂದುಗಳೆಲ್ಲ ನೀರಿನಿಂದ ತುಂಬಿಕೊಂಡು ಬೇರು ಉಸಿರುಕಟ್ಟುತ್ತದೆ. ಉಸಿರುಕಟ್ಟಿದ ಬೇರಿಗೆ ಕೊಳೆರೋಗ ಹತ್ತುತ್ತದೆ. ಕೊಳೆತ ಬೇರು ನೀರನ್ನು ಮೇಲಕ್ಕೆ ಕಳಿಸಲಾರದು. ಕುಂಡದಲ್ಲಿ ನೀರು ತುಂಬಿದ್ದರೂ ಎಲೆ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡು ಪಾಪ, ಬಾಯಾರಿದೆಯೆಂದು ಮನೆಯವರು ಮತ್ತೊಂದು ಚೆಂಬು ಎರೆಯುತ್ತಾರೆ. ಬಾಯಾರಿದ ಗಿಡವೂ ಮುಳುಗಿದ ಗಿಡವೂ ಹೊರನೋಟಕ್ಕೆ ಒಂದೇ ರೀತಿ ತಲೆ ತೂಗಿ ನಿಲ್ಲುವುದರಿಂದ ಈ ಪ್ರಮಾದ ಮನೆಮನೆಯಲ್ಲೂ ನಡೆಯುತ್ತದೆ. ಮಣ್ಣನ್ನು ಮುಟ್ಟಿ ನೋಡದ ಹೊರತು ಭೇದ ತಿಳಿಯದು.

ಊರಿನ ಹಿತ್ತಿಲಿನ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ. ಹಿತ್ತಿಲಿನಲ್ಲಿ ಬಚ್ಚಲ ನೀರು ಹಗಲಿರುಳು ಹರಿದರೂ ಕೆಳಗಿನ ನೆಲ ಅದನ್ನು ಹೀರಿಕೊಂಡು ಬಾಳೆಯನ್ನೂ ಕೆಸುವನ್ನೂ ಬೆಳೆಸುತ್ತದೆ. ಎಂಟು ಅಂಗುಲದ ಪ್ಲಾಸ್ಟಿಕ್ ಕುಂಡಕ್ಕೆ ಅಂತಹ ಕೆಳನೆಲವಿಲ್ಲ. ಅದರ ತಳದ ತೂತು ಜಿಗುಟು ಮಣ್ಣಿನಿಂದ ಮುಚ್ಚಿಹೋದರೆ ಅದು ಬಕೆಟ್ಟೇ ಸರಿ. ಮಣ್ಣಿನ ಕುಂಡ ತನ್ನ ಮೈಯಿಂದ ಬೆವರಿ ತೇವವನ್ನು ಕಳೆದುಕೊಳ್ಳುವುದರಿಂದ ಮುಂಬಯಿಯಂತಹ ಊರಿಗೆ ಅದೇ ಲೇಸು. ಕೆಂಪು ಮಣ್ಣಿಗೆ ಮರಳನ್ನೂ ಹಳೆಯ ಗೊಬ್ಬರವನ್ನೂ ಧಾರಾಳವಾಗಿ ಬೆರೆಸಬೇಕು. ನರ್ಸರಿಯಿಂದ ಬರುವ ಸಸಿಯ ಬೇರಿಗೆ ಮುಷ್ಟಿಯಂತೆ ಅಂಟಿಕೊಂಡ ಜೇಡಿಯ ಉಂಡೆಯನ್ನು ಸಡಿಲಿಸದೆ ನೆಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ.

ನೀರಿಗೆ ಗಡಿಯಾರವನ್ನಾಗಲಿ ಪಂಚಾಂಗವನ್ನಾಗಲಿ ನೋಡಬೇಕಾಗಿಲ್ಲ. ತೋರುಬೆರಳನ್ನು ಒಂದು ಅಂಗುಲ ಮಣ್ಣಿನೊಳಗೆ ಊರಿ ನೋಡಬೇಕು. ಬೆರಳಿಗೆ ತಂಪು ತಗಲಿ ಮಣ್ಣು ಅಂಟಿದರೆ ಅಂದು ನೀರು ಬೇಡ. ಒಣಗಿದ್ದರೆ, ತಳದ ತೂತಿನಿಂದ ಹೊರಬರುವಷ್ಟು ಪೂರ್ತಿಯಾಗಿ ಎರೆದು, ಮತ್ತೆ ಒಣಗುವವರೆಗೆ ಸುಮ್ಮನಿರಬೇಕು. ದಿನವೂ ಅರ್ಧ ಲೋಟ ಎರೆಯುವ ಪದ್ಧತಿ ಮೇಲ್ಮಣ್ಣನ್ನು ಕೆಸರು ಮಾಡಿ ಆಳದ ಬೇರನ್ನು ಒಣಗಿಸುವುದುಂಟು. ಇನ್ನೊಂದು ಮಾತನ್ನು ನೆನಪಿನಲ್ಲಿಡುವುದು ಅವಶ್ಯ: ಗಿಡ ನೀರು ಕುಡಿಯುವುದು ಬೆಳಕಿನ ಬಲದಿಂದ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ದಿನವೂ ನೀರು ಬೇಡುವ ಅದೇ ತುಳಸಿಗೆ ಮುಂಬಯಿಯ ಜುಲೈ ತಿಂಗಳಲ್ಲಿ ವಾರಕ್ಕೆರಡು ಸಲ ಸಾಕಾದೀತು; ಗಾಳಿಯೇ ಒದ್ದೆಯಾಗಿರುವಾಗ ಎಲೆಯಿಂದ ಆವಿ ಏಳುವುದಾದರೂ ಎಲ್ಲಿಂದ? ಚೆನ್ನೈಯವರು ಇದೇ ಎಚ್ಚರವನ್ನು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಮಳೆಗಾಲಕ್ಕೆ ಅನ್ವಯಿಸಬೇಕು. ದೆಹಲಿಯಲ್ಲಿ ಜನವರಿಯ ಮಂಜಿನಲ್ಲಿ ಕೈ ಕಟ್ಟಿಕೊಂಡಿರಬೇಕು, ಮೇ ತಿಂಗಳ ಬಿಸಿಗಾಳಿಯಲ್ಲಿ ಎರಡು ಹೊತ್ತೂ ನೋಡಬೇಕು.

ಹಾಗಾದರೆ ನಿತ್ಯದ ತುಳಸಿಪೂಜೆಯ ಗತಿಯೇನೆಂದು ಹಿರಿಯರು ಕೇಳುವುದು ನ್ಯಾಯವೇ. ಪರಿಹಾರ ಪೂಜೆಯ ತಟ್ಟೆಯಲ್ಲೇ ಇದೆ. ಚೆಂಬಿನ ಬದಲು ಉದ್ಧರಣೆಯಿಂದ ನೀರು ಬಿಡಬಹುದು. ಒಂದು ಉದ್ಧರಣೆ ನೀರಿನಿಂದ ಗಿಡಕ್ಕೆ ಕೇಡಿಲ್ಲ, ನೇಮಕ್ಕೂ ಭಂಗವಿಲ್ಲ. ಹಾಲು, ಎಣ್ಣೆಯ ಬತ್ತಿ, ಹಿಡಿಗಟ್ಟಲೆ ಅರಿಸಿನ ಕುಂಕುಮಗಳನ್ನು ಬುಡದ ಮಣ್ಣಿಗೆ ಸುರಿಯುವುದರ ಬದಲು ಕುಂಡದ ಹೊರಮೈಗೆ ಹಚ್ಚಿದರೆ ಶೋಭೆಯೂ ಹೆಚ್ಚು. ಅಂಗಳದ ದೊಡ್ಡ ಕಟ್ಟೆ ಇವೆಲ್ಲವನ್ನೂ ಅರಗಿಸಿಕೊಳ್ಳುತ್ತಿತ್ತು. ಅಂಗೈಯಗಲದ ಕುಂಡಕ್ಕೆ ಆ ಶಕ್ತಿಯಿಲ್ಲ.

ಬಿಸಿಲು ಬಾರದ ಮನೆಯವರು ಹಸುರನ್ನೇ ತೊರೆಯಬೇಕೆಂದು ಇದರ ಅರ್ಥವಲ್ಲ. ಅಡಕೆಯ ತೋಟವನ್ನು ಕಂಡವರಿಗೆ ವೀಳ್ಯದೆಲೆಯ ಬಳ್ಳಿಯ ಸ್ವಭಾವ ಗೊತ್ತು. ಎತ್ತರದ ಮರಗಳ ನೆರಳಿನಲ್ಲಿ, ಚೂರುಚೂರಾಗಿ ಬೀಳುವ ಬೆಳಕಿನಲ್ಲಿ ಅದು ಹಬ್ಬಿ ಬೆಳೆಯುತ್ತದೆ. ಎದುರು ಕಟ್ಟಡದ ಮರೆಯಲ್ಲಿರುವ ಗ್ಯಾಲರಿಗೆ ಅದಕ್ಕಿಂತ ಉಚಿತವಾದ, ತಾಂಬೂಲದ ತಟ್ಟೆಗೂ ಒದಗುವ ಗಿಡ ಮತ್ತಾವುದಿದೆ? ಮಣ್ಣು ತೇವವಾಗಿರಬೇಕು, ಕೆಸರಾಗಬಾರದು. ಹಿಡಿದು ಹತ್ತಲು ಒರಟಾದ ಕೋಲು ಬೇಕು. ಬ್ರಹ್ಮಕಮಲವೆಂದು ಕನ್ನಡಿಗರು ಕರೆದು, ಅರಳುವ ರಾತ್ರಿ ನೆರೆಹೊರೆಯವರನ್ನೆಲ್ಲ ಕೂಗಿ ತೋರಿಸುವ ಗಿಡವೂ ಇಂತಹುದೇ. ಅದು ಹಿಮಾಲಯದ ನಿಜವಾದ ಬ್ರಹ್ಮಕಮಲವಲ್ಲ; ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಒಂದು ಕಳ್ಳಿ. ಕಳ್ಳಿಯಾದರೂ ನಡುಹಗಲಿನ ಬಿಸಿಲನ್ನು ಸಹಿಸದು, ಬೆಳಗಿನ ಬೆಳಕು ಸಾಕು. ದೊಡ್ಡಪತ್ರೆಗೆ ಅರ್ಧ ದಿನದ ಬಿಸಿಲಿದ್ದರೆ ಸಂತೋಷ. ಎಲೆಯೇ ನೀರಿನ ಚೀಲವಾದುದರಿಂದ ಮಣ್ಣು ಒಣಗಿದ ಮೇಲೆ ನೀರೆರೆದರಾಯಿತು. ಲೋಳೆಸರಕ್ಕೆ ಬೆಳಕು ಬೇಕು, ನೀರು ಬಹಳ ಅಪರೂಪಕ್ಕೆ ಸಾಕು. ಕರಿಬೇವು ಪೂರ್ತಿ ಬಿಸಿಲಿನ ಮರವಾದ್ದರಿಂದ ಅಡಿಗೆಮನೆಯ ಕಿಟಕಿಯಲ್ಲಿ ಅದನ್ನು ಸಾಕುವ ಆಸೆ ಬಿಡುವುದು ಲೇಸು. ಬಣ್ಣಬಣ್ಣದ ಕ್ರೋಟನ್ನು ನೆರಳಿನಲ್ಲಿ ಸಾಯದಿದ್ದರೂ ಬಣ್ಣ ಕಳೆದುಕೊಂಡು ಬರಿಯ ಹಸುರಾಗುತ್ತದೆ. ಹಾವಿನ ಮೈಯಂತೆ ಪಟ್ಟೆಗಳುಳ್ಳ, ಕತ್ತಿಯಂತಹ ಎಲೆಯ ಸ್ನೇಕ್ ಪ್ಲಾಂಟ್ ಮೂರು ವಾರ ನೀರಿಲ್ಲದೆ ಇರಬಲ್ಲದು; ರಜೆಗೆ ಊರಿಗೆ ಹೋಗುವವರಿಗೆ ಅದರಿಂದ ಚಿಂತೆಯಿಲ್ಲ. ಮನಿಪ್ಲಾಂಟಿನ ವಿಷಯ ಹೇಳಬೇಕಾದ್ದೇ ಇಲ್ಲ, ಅದು ಮಂದ ಬೆಳಕನ್ನು ಸಹಿಸಿಕೊಂಡು ಬಾಟಲಿಯಲ್ಲೂ ಬದುಕುತ್ತದೆ.

ಆ ಬಾಟಲಿಯೇ ಆರೋಗ್ಯದ ದೃಷ್ಟಿಯಿಂದ ಅಪಾಯದ ಸ್ಥಾನ. ಡೆಂಗ್ಯೂ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳೆನೀರಿಗಿಂತ ಮನೆಯೊಳಗಿನ ತಿಳಿನೀರನ್ನು ಹೆಚ್ಚು ಮೆಚ್ಚುತ್ತದೆ. ಕುಂಡದ ಕೆಳಗಿನ ತಟ್ಟೆ, ಮನಿಪ್ಲಾಂಟಿನ ಬಾಟಲಿ, ಚಂದಕ್ಕೆಂದು ಇಟ್ಟ ಪಿಂಗಾಣಿಯ ಹೊರಕುಂಡ ಇವೆಲ್ಲ ಅದರ ಹೆರಿಗೆಮನೆಗಳು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಹೆಚ್ಚುಕಡಮೆ ಎಂಟು ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ತಟ್ಟೆಯ ನೀರು ಚೆಲ್ಲುವುದು ಕಡ್ಡಾಯ. ಚೆಲ್ಲಿದರಷ್ಟೇ ಸಾಲದು, ಉಜ್ಜಿ ತೊಳೆಯಬೇಕು; ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಮೈಗೆ ಅಂಟಿಕೊಂಡ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿದ್ದರೂ ಮತ್ತೆ ನೀರು ತಗಲಿದಾಗ ಒಡೆಯುತ್ತವೆ. ಮುಂಬಯಿಯಲ್ಲಿ ಮಳೆಗಾಲದಲ್ಲಿ ಮನೆಬಾಗಿಲಿಗೆ ಬರುವ ನಗರಪಾಲಿಕೆಯವರು ಗಿಡದ ತಟ್ಟೆಯನ್ನು ನೋಡಬೇಕೆಂದಾಗ ಗೊಣಗುವುದು ಸರಿಯಲ್ಲ.

ಮಕ್ಕಳಿರುವ ಮನೆಯವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕೆಸುವಿನ ಎಲೆಯನ್ನು ಹುಣಿಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸದೆ ಪತ್ರೊಡೆ ಮಾಡಿದರೆ ಗಂಟಲು ತುರಿಸುವುದು ಎಲ್ಲರಿಗೂ ಗೊತ್ತು. ಆ ತುರಿಕೆಗೆ ಕಾರಣ ಎಲೆಯಲ್ಲಿರುವ, ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಮನಿಪ್ಲಾಂಟೂ, ಅಗಲವಾದ ಚುಕ್ಕೆಯೆಲೆಗಳ ಡಿಫೆನ್‌ಬಾಕಿಯಾವೂ ಅದೇ ಕೆಸುವಿನ ಕುಟುಂಬದವು. ಅಂಬೆಗಾಲಿಡುವ ಮಗು ಡಿಫೆನ್‌ಬಾಕಿಯಾದ ಎಲೆ ಅಗಿದರೆ ತುಟಿ ನಾಲಿಗೆಗಳು ಊದಿಕೊಂಡು ಜೊಲ್ಲು ಸುರಿಯತೊಡಗುತ್ತದೆ. ಬಾಯಿ ಒರೆಸಿ ತೊಳೆದು ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಇಂತಹ ಗಿಡ ಕಪಾಟಿನ ಮೇಲೆ ಇರಲಿ.

ಮನೆಗಿಡಗಳು ಕೋಣೆಯ ಗಾಳಿಯನ್ನು ಶುದ್ಧಿಮಾಡುತ್ತವೆಂದು ಮಾರುವವರು ಹೇಳುವ ಮಾತನ್ನು ಮಾತ್ರ ಅಷ್ಟಾಗಿ ನಂಬಬೇಕಾಗಿಲ್ಲ. ಈ ನಂಬಿಕೆಗೆ ಬಹುಮಟ್ಟಿಗೆ ಆಧಾರವಾದುದು 1989ರಲ್ಲಿ ಹೊರಬಂದ ಅಮೆರಿಕದ ನಾಸಾ ಸಂಸ್ಥೆಯ ಒಂದು ವರದಿ. ಅದರ ಪ್ರಯೋಗಗಳು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂತಹ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಕಟ್ಟಡದೊಳಗೆ ಸಹಜವಾಗಿ ಬಂದುಹೋಗುವ ಗಾಳಿ ಮಾಡುವಷ್ಟೇ ಶುದ್ಧಿಯನ್ನು ಗಿಡಗಳು ಮಾಡಬೇಕಾದರೆ ಪ್ರತಿ ಚದರ ಮೀಟರು ನೆಲಕ್ಕೆ ಹತ್ತರಿಂದ ಸಾವಿರ ಗಿಡಗಳಾದರೂ ಬೇಕು. ಅಷ್ಟು ಗಿಡಗಳ ನಡುವೆ ಮನುಷ್ಯರಿಗೆ ಮಲಗಲು ಸ್ಥಳವಿರದು. ಕಿಟಕಿ ತೆರೆಯುವುದು ಅಗ್ಗದ ಉಪಾಯ. ಬದಲಾಗಿ, ಸದಾ ಒದ್ದೆಯಾದ ಮಣ್ಣಿನ ಮೇಲೆ ಏಳುವ ಬೂಷ್ಟು ಉಬ್ಬಸವುಳ್ಳವರಿಗೆ ತೊಂದರೆ ಕೊಡುವುದುಂಟು. ನೀರು ಹಿಡಿತದಲ್ಲಿರಬೇಕೆನ್ನುವುದಕ್ಕೆ ಅದೂ ಒಂದು ಕಾರಣ. ಗಿಡ ಬೇಕಾದುದು ಕಣ್ಣಿಗೆ, ಮನಸ್ಸಿಗೆ. ನಿವೃತ್ತರಾಗಿ ಮಗನ ಮನೆಗೆ ಬಂದು, ಮರಾಠಿಯಾಗಲಿ ಹಿಂದಿಯಾಗಲಿ ಬಾರದೆ ಹಗಲೆಲ್ಲ ಒಬ್ಬರೇ ಕುಳಿತಿರುವ ಹಿರಿಯರಿಗೆ ಬೆಳಗಿನ ಅರ್ಧ ಗಂಟೆಯ ಕೈಕೆಲಸಕ್ಕೆ. ಅದು ಸಣ್ಣ ಪ್ರಯೋಜನವಲ್ಲ. ಬೆರಳೂರಿ ಮಣ್ಣು ನೋಡುವ ಹೊಣೆಯನ್ನು ಅವರಿಗೇ ವಹಿಸುವುದು ಉಚಿತ; ಆಗ ಸೊಸೆಯ ಮೇಲಿನ ಒಂದು ದೂರಾದರೂ ಕಡಿಮೆಯಾದೀತು.

ಊರಿನ ಮೂವತ್ತು ವರ್ಷದ ತುಳಸಿಯ ಗುಟ್ಟನ್ನೂ ಇಲ್ಲಿ ಹೇಳಬೇಕು. ತುಳಸಿ ಅಲ್ಪಾಯುಷಿ. ಕುಂಡದಲ್ಲಿ ಎರಡು ಮೂರು ವರ್ಷ ಬಾಳಿದರೆ ಪೂರ್ಣಾಯುಷ್ಯವೆನ್ನಬೇಕು. ಕದಿರು ಬಿಟ್ಟು ಬೀಜ ಕಟ್ಟಿದ ಮೇಲೆ ಕಾಂಡ ಕಟ್ಟಿಗೆಯಾಗಿ ಎಲೆ ಉದುರಿಸುವುದು ಅದರ ಧರ್ಮ. ಊರಿನ ಕಟ್ಟೆಯಲ್ಲಿ ಮೂವತ್ತು ವರ್ಷ ಇದ್ದುದು ಒಂದೇ ಗಿಡವಲ್ಲ. ಉದುರಿದ ಬೀಜ ಅಲ್ಲಿಯೇ ಮೊಳೆತು ಹಳೆಯದರ ಪಕ್ಕದಲ್ಲಿ ಹೊಸದು ಏಳುತ್ತಿತ್ತು. ಒಣಗಿದ್ದನ್ನು ಮನೆಯ ಹಿರಿಯ ಹೆಂಗಸರು ಯಾರಿಗೂ ಹೇಳದೆ ಕಿತ್ತು ತೆಗೆಯುತ್ತಿದ್ದರು. ಶಕುನದ ಮಾತೇ ಏಳುತ್ತಿರಲಿಲ್ಲ.

ನಗರದಲ್ಲಿಯೂ ಇದನ್ನೇ ಮಾಡಲು ಅಡ್ಡಿಯಿಲ್ಲ. ಕದಿರುಗಳನ್ನು ಎಳೆಯದಿದ್ದಾಗಲೇ ಚಿವುಟುತ್ತ ಬಂದರೆ ಗಿಡದ ಆಯುಷ್ಯ ಹೆಚ್ಚುತ್ತದೆ. ಒಂದೆರಡನ್ನು ಮಾತ್ರ ಬಲಿಯಲು ಬಿಟ್ಟು, ಕಂದುಬಣ್ಣಕ್ಕೆ ತಿರುಗಿದಾಗ ಕಾಗದದ ಮೇಲೆ ಉಜ್ಜಿದರೆ ಸಾಸಿವೆಗಿಂತ ಚಿಕ್ಕದಾದ ಬೀಜಗಳು ಉದುರುತ್ತವೆ. ಸಣ್ಣ ಕುಂಡದ ಸಡಿಲ ಮಣ್ಣಿನ ಮೇಲೆ ಅವನ್ನು ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚಿ, ನೀರು ಚಿಮುಕಿಸುತ್ತಿದ್ದರೆ ಒಂದೆರಡು ವಾರಗಳಲ್ಲಿ ಮೊಳಕೆ ಕಾಣುತ್ತದೆ. ಒಂದು ಗಿಡ ಮುಪ್ಪಾಗುವ ಹೊತ್ತಿಗೆ ಇನ್ನೊಂದು ಸಿದ್ಧವಾಗಿರುತ್ತದೆ. ಉತ್ತರದ ಗ್ಯಾಲರಿಯವರು ಸೊಸೈಟಿಯ ಕಾಂಪೌಂಡಿನಲ್ಲಿ ಬಿಸಿಲು ಬೀಳುವ ಮೂಲೆಯನ್ನೋ ತಾರಸಿಯನ್ನೋ ಕೇಳಿ ಪಡೆದು ನಾಲ್ಕು ಮನೆಯವರು ಸೇರಿ ಒಂದು ಕಟ್ಟೆ ಕಟ್ಟಿಸಿಕೊಳ್ಳಬಹುದು. ಅದಾಗದಿದ್ದರೆ ಎದುರುಮನೆಯ ದಕ್ಷಿಣದ ಕಿಟಕಿ ಇದ್ದೇ ಇದೆ. ವಾರದ ಐದು ದಿನ ಕುಂಡ ಅಲ್ಲಿರಲಿ. ಶುಕ್ರವಾರ ಸಂಜೆ ಮನೆಗೆ ತಂದು ದೀಪ ಹಚ್ಚಿ, ಭಾನುವಾರ ರಾತ್ರಿ ಮರಳಿ ಒಪ್ಪಿಸಿದರಾಯಿತು. ಎದುರುಮನೆಯವರು ಗುಜರಾತಿಗಳಾದರೂ ತಮಿಳರಾದರೂ ತುಳಸಿಗೆ ಜಾಗ ಇಲ್ಲವೆನ್ನುವವರು ಕಡಿಮೆ.